ಕನ್ನಡ ಹಾಡಿಗೆ ಸ್ಟಾಫ್ ನೋಟೇಶನ್: ನನ್ನ ಓಟು ಮ್ಯೂಸ್‌ಸ್ಕೋರ್‌ಗೆ

ದುಡ್ಡು ಕೊಟ್ಟು ಕೊಂಡ ಸ್ಟಾಫ್ ನೋಟೇಶನ್ (ಐದು ಗೆರೆಗಳ ಮೇಲೆ ಸ್ವರ ಬರೆಯುವ ಪದ್ಧತಿ) ಸಾಫ್ಟ್‌ವೇರ್ ನನ್ನ ಲ್ಯಾಪ್‌ಟಾಪ್‌ನಲ್ಲಿ ಸುಮ್ನೆ ಬಿದ್ದಿದೆ. ಕೀಬೋರ್ಡ್ ಕಲಿಯುವ ಮಕ್ಕಳಿಗೆ ಕನ್ನಡ ಹಾಡುಗಳನ್ನು ಬರೆದುಕೊಡುವುದೆಲ್ಲ ಈಗ ಮ್ಯೂಸ್‌ಸ್ಕೋರ್ 4ರಲ್ಲೇ. ಅದು ಪೂರ್ತಿ ಉಚಿತ.

ಸ್ವರ ಕೂರಿಸುವುದರಲ್ಲಿ ಎರಡಕ್ಕೂ ಅಂಥ ವ್ಯತ್ಯಾಸವಿಲ್ಲ. ತಲೆನೋವು ಶುರುವಾಗಿದ್ದು ಸಾಹಿತ್ಯ ಹಾಕುವಾಗ. ಕೊಂಡ ಸಾಫ್ಟ್‌ವೇರ್‌ನಲ್ಲಿ ‘ಕೃಷ್ಣ’ ಅಂತ ಟೈಪ್ ಮಾಡಿದರೆ ಣ ಒತ್ತಾಗಿ ಕೆಳಗಿಳಿಯುತ್ತಲೇ ಇರಲಿಲ್ಲ. ಷ್ ಬೇರೆ, ಣ ಬೇರೆ. ತುಂಗಾ ಫಾಂಟ್ ಹಾಕಿದೆ, ನೋಟೋ ಹಾಕಿದೆ, ಅದೇ ಕಥೆ. ಪಿಡಿಎಫ್ ಮಾಡಿದರೂ ಹಾಗೇ. ಒತ್ತಕ್ಷರ ಜೋಡಿಸುವುದು ಬರೀ ಫಾಂಟ್‌ನಿಂದ ಆಗುವುದಿಲ್ಲ, ಸಾಫ್ಟ್‌ವೇರಿಗೂ ಅದು ಗೊತ್ತಿರಬೇಕು. ಆಗಷ್ಟೇ ಓದು ಕಲಿಯುತ್ತಿರುವ ಮಗುವಿನ ಕೈಗೆ ಅಂಥ ಹಾಳೆ ಕೊಡಲು ನನಗೆ ಮನಸ್ಸು ಬರಲಿಲ್ಲ.

ಮ್ಯೂಸ್‌ಸ್ಕೋರ್‌ನಲ್ಲಿ ಒತ್ತು ತನ್ನ ಜಾಗದಲ್ಲೇ ಕೂರುತ್ತದೆ. ಮೊದಲ ಸ್ವರ ಆರಿಸಿ, ಕಂಟ್ರೋಲ್ ಎಲ್ ಒತ್ತಿ, ‘ಕೃ’ ಬರೆದು ಹೈಫನ್ ಒತ್ತಿದರೆ ಮುಂದಿನ ಸ್ವರದ ಕೆಳಗೆ ‘ಷ್ಣ’ ಬರೆಯಬಹುದು. ಪದ ಮುಗಿದರೆ ಸ್ಪೇಸ್. ಫಾಂಟ್ ಬದಲಿಸುವಾಗ ಟೆಕ್ಸ್ಟ್ ಸ್ಟೈಲ್ಸ್‌ನಲ್ಲಿ ಸಾಹಿತ್ಯದ ಬೆಸ ಸಾಲು, ಸಮ ಸಾಲು ಎರಡಕ್ಕೂ ಬದಲಿಸಿ. ಇಲ್ಲದಿದ್ದರೆ ಎರಡನೇ ಚರಣ ಹಳೇ ಫಾಂಟ್‌ನಲ್ಲೇ ಉಳಿಯುತ್ತದೆ. ನುಡಿ ಬಳಸುವವರು ಯೂನಿಕೋಡ್‌ನಲ್ಲೇ ಟೈಪ್ ಮಾಡಬೇಕು. ನಾನು ಸಾಹಿತ್ಯವನ್ನು ಮೊದಲೇ ನೋಟ್‌ಪ್ಯಾಡ್‌ನಲ್ಲಿ ಹೈಫನ್ ಸಮೇತ ಬರೆದು ಕಾಪಿ ಮಾಡಿಕೊಳ್ಳುತ್ತೇನೆ. ಆಮೇಲೆ ಕಂಟ್ರೋಲ್ ವಿ ಒತ್ತಿದ ಹಾಗೆ ಒಂದೊಂದೇ ತುಂಡು ಸ್ವರದ ಕೆಳಗೆ ಕೂರುತ್ತಾ ಹೋಗುತ್ತದೆ.

ಸ್ವರ ಅಳಿಸಿದರೆ ಅಲ್ಲಿ ರೆಸ್ಟ್ (ಅಷ್ಟು ಹೊತ್ತು ಸುಮ್ಮನಿರಬೇಕು ಅನ್ನುವ ಗುರುತು) ಬರುತ್ತದೆ, ಗಾಬರಿ ಬೇಡ. ತಾಳದ ಲೆಕ್ಕ ತುಂಬಲು ಅದು ಇರಲೇಬೇಕು. ಇಡೀ ಬಾರ್ (ಎರಡು ಉದ್ದ ಗೆರೆಗಳ ನಡುವಿನ ಭಾಗ) ತೆಗೆಯಲು ಕಂಟ್ರೋಲ್ ಡಿಲೀಟ್.

ಇನ್ನೊಂದು ವಿಷಯ. ಚಂದಾ ಕೇಳುವುದು ಮ್ಯೂಸ್‌ಸ್ಕೋರ್ ಡಾಟ್ ಕಾಮ್, ಅದು ಹಾಳೆಗಳನ್ನು ಹಂಚಿಕೊಳ್ಳುವ ತಾಣ. ಸಾಫ್ಟ್‌ವೇರ್ ಇಳಿಸಿಕೊಳ್ಳಬೇಕಾದದ್ದು ಡಾಟ್ ಆರ್ಗ್‌ನಿಂದ.

ಲಿಲಿಪಾಂಡ್ ಅನ್ನುವ ಇನ್ನೊಂದು ನೋಟೇಶನ್ ಸಾಫ್ಟ್‌ವೇರ್ ಕೂಡ ಉಚಿತ. ಕನ್ನಡವೂ ಸರಿಯಾಗಿ ಬರುತ್ತದೆ, ಹಾಳೆಯಂತೂ ಇನ್ನೂ ಚಂದ. ಆದರೆ ಎಲ್ಲವನ್ನೂ ಕೋಡ್‌ನಂತೆ ಬರೆಯಬೇಕು. ಸ್ವರ ಹಾಕಿದ ತಕ್ಷಣ ಕಿವಿಗೆ ಕೇಳಬೇಕು ಅನ್ನುವ ನನ್ನಂಥವರಿಗೆ ಅದು ಒಗ್ಗುವುದಿಲ್ಲ.

ಯಾವುದರಲ್ಲೇ ಬರೆಯಿರಿ, ಬೇರೆ ನೋಟೇಶನ್ ಸಾಫ್ಟ್‌ವೇರ್‌ಗಳಲ್ಲೂ ತೆರೆಯಬಲ್ಲ ಮ್ಯೂಸಿಕ್‌ಎಕ್ಸ್‌ಎಂಎಲ್ ಫೈಲ್ ಆಗಿ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ದಶಕಗಳಿಂದ ಇದ್ದ ಫಿನಾಲೆ ಅನ್ನುವ ನೋಟೇಶನ್ ಸಾಫ್ಟ್‌ವೇರನ್ನೇ 2024ರಲ್ಲಿ ನಿಲ್ಲಿಸಿದರು, ಅಲ್ವಾ? (ನಾನು ಕೊಂಡಿದ್ದು ಅದಲ್ಲ.) ದೊಡ್ಡ ವಾದ್ಯವೃಂದಕ್ಕೆ ಬರೆಯುವವರ ಅಗತ್ಯ ಬೇರೆ ಇರಬಹುದು. ಒಂದು ಪಿಯಾನೋ, ಒಂದು ದನಿ, ಕೆಳಗೆ ಕನ್ನಡ ಸಾಹಿತ್ಯ, ಇಷ್ಟಕ್ಕೆ ನಾನಂತೂ ಇನ್ನು ದುಡ್ಡು ಖರ್ಚು ಮಾಡುವುದಿಲ್ಲ.