ಮರಳಿನ ಕಣವೋ, ಮೇಜಿನ ಹಲಗೆಯೋ: ಕಾಲ್ಚೊ ಸ್ಟೋರಿಕೊ ಮತ್ತು ಬ್ಲಡ್ ಬೌಲ್

ಇಟಲಿಯ ಫ್ಲಾರೆನ್ಸ್ ನಗರದ ಕಾಲ್ಚೊ ಸ್ಟೋರಿಕೊ ಎಂಬ ಹಳೆಯ ಕಾಲದ, ಹೊಡೆದಾಟವೂ ಸೇರಿದ ಚೆಂಡಾಟವನ್ನು ಮೊದಲ ಸಲ ನೋಡಿದವರಿಗೆ, ರಾಕ್ಷಸರೂ ಕುಬ್ಜರೂ ಚೆಂಡಿಗಾಗಿ ಬಡಿದಾಡುವ ಬ್ಲಡ್ ಬೌಲ್ ಎಂಬ ಹಲಗೆಯಾಟ ನೆನಪಾಗುವುದು ಸಹಜ. ಜೂನ್ ತಿಂಗಳಲ್ಲಿ ಇಟಲಿಗೆ ಹೋಗುವುದೋ, ಹಲಗೆಯಾಟದ ಪೆಟ್ಟಿಗೆಯೊಂದನ್ನು ಕೊಂಡು ಮನೆಯಲ್ಲೇ ಆಡುವುದೋ ಎಂದು ಯೋಚಿಸುತ್ತಿರುವವರು ಎರಡರ ಒಳಗುಟ್ಟನ್ನು ತಿಳಿದಿರಬೇಕು.

ಸಾಂತಾ ಕ್ರೋಚೆ ಚೌಕದಲ್ಲಿ ಮರಳು ಹಾಸಿ, ತಂಡಕ್ಕೆ 27 ಜನರಂತೆ 50 ನಿಮಿಷ ಆಡುವ ಕಾಲ್ಚೊದಲ್ಲಿ, ಚೆಂಡು ಒಂದು ಮೂಲೆಯಲ್ಲಿದ್ದರೆ ಹತ್ತಾರು ಜೋಡಿಗಳು ಮತ್ತೆಲ್ಲೋ ಮುಷ್ಟಿಯುದ್ಧದಲ್ಲಿ ಮುಳುಗಿರುತ್ತವೆ. ಎದುರಾಳಿಯನ್ನು ನೆಲಕ್ಕೆ ಕೆಡವಿ ಅದುಮಿ ಹಿಡಿದರೆ ಅಷ್ಟರಮಟ್ಟಿಗೆ ದಾರಿ ತೆರವಾಯಿತು ಎಂಬುದೇ ಇಲ್ಲಿನ ತಂತ್ರ. ಗಾಯಗೊಂಡವನ ಜಾಗಕ್ಕೆ ಬದಲಿ ಆಟಗಾರನಿಲ್ಲ. ಎದುರಾಳಿಯ ತುದಿಯ ಬಲೆಗೆ ಚೆಂಡು ಹಾಕಿದರೆ ಅಂಕ; ಗುರಿ ತಪ್ಪಿ ಬಲೆಯ ಮೇಲಿಂದ ಚೆಂಡು ಹಾರಿದರೆ ಎದುರಾಳಿಗೆ ಅರ್ಧ ಅಂಕ ಸಿಗುವುದರಿಂದ ಆತುರಕ್ಕೂ ದಂಡವಿದೆ.

ಬ್ಲಡ್ ಬೌಲ್‌ನಲ್ಲಿ ಕಣದಲ್ಲಿರುವುದು ತಂಡಕ್ಕೆ 11 ಆಟಗಾರ ಗೊಂಬೆಗಳು. ಪಂದ್ಯದ ಪ್ರತಿ ಅರ್ಧದಲ್ಲಿ, ಆಡುವ ಇಬ್ಬರಿಗೂ ತಲಾ ಎಂಟು ಸರದಿ. ಪೆಟ್ಟಿನ ಫಲವನ್ನು ದಾಳ ನಿರ್ಧರಿಸುತ್ತದೆ; ಹೊಡೆಯಹೋದ ನಿಮ್ಮ ಗೊಂಬೆಯೇ ಬಿದ್ದರೆ ಸರದಿ ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದ ಅಪಾಯದ ದಾಳವನ್ನು ಕೊನೆಗೆ ಉಳಿಸಿಕೊಳ್ಳುವ ಲೆಕ್ಕಾಚಾರವೇ ಇದರ ನಿಜವಾದ ರುಚಿ. ರಕ್ತಪಾತವೆಲ್ಲ, ನನಗೆ ಕಂಡಂತೆ, ಬರಿಯ ಅಲಂಕಾರ.

ತಾಳ್ಮೆಯಿಂದ ಯೋಚಿಸಿ ಆಡುವವರು ಪೆಟ್ಟಿಗೆಯನ್ನೇ ಕೊಳ್ಳಲಿ, ಆದರೆ ಗೊಂಬೆಗಳನ್ನು ಜೋಡಿಸಿ ಬಣ್ಣ ಹಚ್ಚುವ ಕೆಲಸವೂ ಅವರದೇ. ಕಾಲ್ಚೊ ನೋಡಬಯಸುವವರಿಗೆ ವರ್ಷಕ್ಕೆ ಸಿಗುವುದು ಮೂರೇ ಪಂದ್ಯ. ಅಂತಿಮ ಪಂದ್ಯ ವಾಡಿಕೆಯಂತೆ ಜೂನ್ 24ರಂದು, ನಗರದ ಪೋಷಕ ಸಂತ ಜಾನ್‌ನ ಹಬ್ಬದ ದಿನ ನಡೆಯುತ್ತದೆ.