ಕೆಂಪು ಬಣ್ಣ ಮಾಸದ ಕೀಮಾ: ಬೆಕ್ಕು, ನಾಯಿ ಸಾಕಿದವರು ಓದಿ

ರಾಯಚೂರು ಕಡೆ ನಾಯಿ, ಬೆಕ್ಕು ಸಾಕಿದವರಿಗೆ ಒಂದು ಮಾತು. ‘ಪೆಟ್ ಕೀಮಾ’ ಅಂತ ಅರ್ಧ ಕಿಲೋ, ಒಂದು ಕಿಲೋ ಪ್ಯಾಕೆಟ್‌ನಲ್ಲಿ ಬರುವ ಹಸಿ ಮಾಂಸ ಕೊಳ್ಳುತ್ತಿದ್ದರೆ, ಅದಕ್ಕೆ ಏನು ಬೆರೆಸಿದ್ದಾರೆ ಎಂದು ಖಾತ್ರಿಯಾಗುವ ತನಕ ತಟ್ಟೆಗೆ ಹಾಕಬೇಡಿ. ನಮ್ಮ ಮನೆಯ ಗುಂಡ ಎಂಬ ಬೆಕ್ಕು ಸತ್ತು ಬದುಕಿದೆ. ಅಂಗಡಿಯ ಹೆಸರು ಬರೆಯುವುದಿಲ್ಲ. ಆ ಮಾಲು ಅವರು ತಯಾರಿಸಿದ್ದಲ್ಲ, ಹೊರಗಿನಿಂದ ಬರುವುದು, ಬೇರೆ ಬೇರೆ ಊರಿಗೂ ಹೋಗುವಂಥದ್ದು.

ನಮ್ಮೂರ ಬೇಸಿಗೆ ಗೊತ್ತೇ ಇದೆಯಲ್ಲ. ಏಪ್ರಿಲ್, ಮೇ ಬಂತೆಂದರೆ 42, 43 ಡಿಗ್ರಿ. ಪಕ್ಕದ ಶಕ್ತಿನಗರದಲ್ಲಿ ನಾಡಿಗೆಲ್ಲ ಕರೆಂಟು ತಯಾರಾಗುತ್ತದೆ, ನಮ್ಮ ಮನೆಯ ಫ್ರಿಜ್ ಮಾತ್ರ ಮಟಮಟ ಮಧ್ಯಾಹ್ನ ಬಂದ್. (ಇದನ್ನು ಬರೆದು ಪ್ರಯೋಜನವಿಲ್ಲ, ಆದರೂ ಬರೆದೆ.) ಬೆಳಿಗ್ಗೆ ತಂದ ಕೋಳಿ ಸಂಜೆಗೆ ವಾಸನೆ ಹೊಡೆಯುವ ಕಾಲದಲ್ಲಿ, ಸಾಕುಪ್ರಾಣಿಗಳ ಸಾಮಾನು ಮಾರುವ ಅಂಗಡಿಯಲ್ಲಿ ಎಮ್ಮೆ ಮಾಂಸ, ಕೋಳಿ ಬೆರೆಸಿದ ಕೀಮಾ ಸಿಗತೊಡಗಿದ್ದು ಸುತ್ತಲಿನ ನಾಲ್ಕಾರು ಮನೆಯವರಿಗೆ ದೊಡ್ಡ ಅನುಕೂಲವಾಗಿ ಕಂಡಿತು. ದರವೂ ಕಡಿಮೆ. ಎಲ್ಲಕ್ಕಿಂತ ಹೆಚ್ಚಾಗಿ, ಅದು ಕೆಡುತ್ತಲೇ ಇರಲಿಲ್ಲ. ಪ್ಯಾಕೆಟ್ ಒಡೆದು ಮೂರ್ನಾಲ್ಕು ದಿನವಾದರೂ ಆಗಷ್ಟೇ ಕೊಚ್ಚಿದಂಥ ಕೆಂಪು.

ಕೊಚ್ಚಿದ ಮಾಂಸ ಹಾಗಿರುವುದಿಲ್ಲ. ಗಾಳಿ ತಾಗಿ ಫ್ರಿಜ್‌ನೊಳಗೇ ಒಂದೆರಡು ದಿನದಲ್ಲಿ ಕಂದಾಗುತ್ತದೆ, ಅಂಚು ಬೂದು ತಿರುಗುತ್ತದೆ. ಅದು ಮಾಂಸದ ಸಹಜ ಗುಣ. ಕಂದಾಗದ ಕೀಮಾ ಕಂಡರೆ ಖುಷಿಪಡುವ ಬದಲು ಅನುಮಾನ ಪಡಬೇಕು.

ಗುಂಡ ಮೊದಲು ತಿನ್ನುವುದು ಕಡಿಮೆ ಮಾಡಿದ. ಬಿಸಿಲಿಗೆ ಎಲ್ಲ ಬೆಕ್ಕುಗಳೂ ಹಾಗೇ ಎಂದು ಮನೆಯಲ್ಲಿ ಹಿರಿಯರು ಅಂದರು. ಆಮೇಲೆ ಜೊಲ್ಲು, ಒಂದೆರಡು ಸಲ ವಾಂತಿ. ಅದಾದ ಮೇಲೆ ಬಂದದ್ದು ನಾವು ಯಾರೂ ಎಂದೂ ನೋಡಿರದ ಲಕ್ಷಣ: ಕುತ್ತಿಗೆ ಮುಂದಕ್ಕೆ ಬಗ್ಗಿ ಗದ್ದ ಎದೆಗೆ ತಾಗಿತು. ನೆಲದಲ್ಲಿ ಬಿದ್ದ ಕಾಸು ಹುಡುಕುವವರ ಹಾಗೆ ತಲೆ ತಗ್ಗಿಸಿಕೊಂಡೇ ಓಡಾಡುತ್ತಿತ್ತು, ಎತ್ತಲು ಆಗುತ್ತಿರಲಿಲ್ಲ. ಹಿಂಗಾಲು ಅತ್ತಿತ್ತ ಜೋಲಿ ಹೊಡೆಯುತ್ತಿದ್ದವು. ಕಟ್ಟೆ ಮೇಲೆ ಹಾರಲು ಹೋಗಿ ಬಿತ್ತು. ಹಾಡುಹಗಲ ಬೆಳಕಿನಲ್ಲೂ ಕಣ್ಣಿನ ಪಾಪೆ ಅಗಲವಾಗಿ ತೆರೆದುಕೊಂಡಿತ್ತು. ಆ ರಾತ್ರಿ ಫಿಟ್ಸ್ ಬಂತು.

ಓಣಿಯವರೆಲ್ಲ ಒಂದೇ ಮಾತು: “ಎಣ್ಣಿ ಕುಡದೈತ್ರೀ.” ನಮ್ಮ ಕಡೆ ಹತ್ತಿಗೆ, ಭತ್ತಕ್ಕೆ ಹೊಡೆಯುವ ಕೀಟನಾಶಕಕ್ಕೆ ಎಣ್ಣಿ ಅಂತಲೇ ಹೆಸರು, ಅದನ್ನು ನೆಕ್ಕಿ ಸಾಯುವ ಬೆಕ್ಕು ನಾಯಿ ಹೊಸದೇನಲ್ಲ. ಆದರೆ ಬೆಳಿಗ್ಗೆ ನೋಡಿದ ಪಶುವೈದ್ಯರು ಮೊದಲು ಟಾರ್ಚ್ ಬಿಟ್ಟದ್ದೇ ಕಣ್ಣಿಗೆ. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕದ ವಿಷವಾದರೆ ಸಾಮಾನ್ಯವಾಗಿ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದಂತೆ, ಇಲ್ಲಿ ಉಲ್ಟಾ. ಕುತ್ತಿಗೆ ಬಗ್ಗುವುದು ಪೊಟ್ಯಾಶಿಯಂ ಇಳಿದಾಗಲೂ ಆಗುತ್ತದೆ, ಹಾಗಾಗಿ ಮೂತ್ರಪಿಂಡದ ಬಗ್ಗೆಯೂ ಕೇಳಿದರು. ಕೊನೆಗೆ ಕೇಳಿದ್ದು: “ಊಟಕ್ಕ ಏನ್ ಹಾಕ್ತೀರಿ?” ಕೀಮಾ ಎಂದೊಡನೆ, “ಪ್ಯಾಕೆಟ್ ತಗೊಂಡ್ ಬರ್ರಿ” ಅಂದರು. ತರಲು ಹೋಗುವಷ್ಟರಲ್ಲೇ ಥಯಾಮಿನ್, ಅಂದರೆ ವಿಟಮಿನ್ ಬಿ1 ಇಂಜೆಕ್ಷನ್ ಕೊಟ್ಟೂ ಆಗಿತ್ತು. ಮಾರನೆಯ ದಿನ ತಲೆ ಎತ್ತಿತು. ಬಿ1 ಕೊರತೆಯನ್ನು ಬೇಗ ಹಿಡಿದರೆ ಚೇತರಿಕೆ ಹೀಗೆ ದಿಢೀರನೆ ಬರುತ್ತದೆ, ವೈದ್ಯರಿಗೆ ಅದೇ ಒಂದು ಪುರಾವೆ ಕೂಡ. ತಡವಾದರೆ ಮಿದುಳಿಗೆ ಆದ ಹಾನಿ ಹಾಗೇ ಉಳಿಯಬಹುದು, ಜೀವವೂ ಹೋಗಬಹುದು.

ಪ್ಯಾಕೆಟ್ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳ ನಡುವೆ ‘ಪ್ರಿಸರ್ವೇಟಿವ್ 223’ ಎಂದಿತ್ತು. 223 ಅಂದರೆ ಸೋಡಿಯಂ ಮೆಟಾಬೈಸಲ್ಫೈಟ್. 220ರಿಂದ 228ರವರೆಗಿನ ಈ ಕುಟುಂಬವೆಲ್ಲ ಗಂಧಕದ ಡೈಆಕ್ಸೈಡ್ ಮತ್ತು ಸಲ್ಫೈಟ್‌ಗಳದ್ದು. ಇದೇನೂ ಅಪರೂಪದ ವಿಷವಲ್ಲ. ಮನೆಯಲ್ಲಿರುವ ಬಿಸ್ಕಿಟ್ ಪುಡಿಕೆ ತಿರುಗಿಸಿ ನೋಡಿ, ಹಿಟ್ಟು ಹದಗೊಳಿಸಲು ಹಾಕಿದ 223 ಬಹಳಷ್ಟು ಬಿಸ್ಕಿಟ್‌ಗಳಲ್ಲಿ ಸಿಗುತ್ತದೆ. ಒಣದ್ರಾಕ್ಷಿ, ಶರಬತ್ತು, ಸಿಗಡಿಗೂ ಈ ಕುಟುಂಬದವನ್ನು ಬಳಸುತ್ತಾರೆ. ಅಸ್ತಮಾ ಇದ್ದವರಲ್ಲಿ ಕೆಲವರಿಗೆ ಆಗಿಬರುವುದಿಲ್ಲ, ಉಳಿದವರಿಗೆ ಆ ಪ್ರಮಾಣದಲ್ಲಿ ತೊಂದರೆಯಿಲ್ಲ.

ಮಾಂಸಕ್ಕೆ ಹಾಕಿದಾಗ ಕಥೆಯೇ ಬೇರೆ. ಸಲ್ಫೈಟು ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತದೆ, ಕೆಂಪು ಬಣ್ಣ ಉಳಿಸುತ್ತದೆ, ಹಾಗಾಗಿ ಹಳೆಯ ಮಾಂಸವೂ ತಾಜಾ ಕಾಣುತ್ತದೆ. ಜೊತೆಗೆ ಥಯಾಮಿನ್ ಅಣುವನ್ನು ಎರಡು ತುಂಡು ಮಾಡಿಬಿಡುತ್ತದೆ. ತುಂಡಾದದ್ದು ವಿಟಮಿನ್ ಆಗಿ ಉಳಿಯುವುದಿಲ್ಲ. ಅಮೆರಿಕದಲ್ಲಿ ಮಾಂಸಕ್ಕೂ, ಬಿ1 ಮೂಲವೆಂದು ಗುರುತಿಸಿದ ಬೇರೆ ಆಹಾರಕ್ಕೂ ಸಲ್ಫೈಟ್ ಹಾಕಬಾರದೆಂಬ ನಿಯಮ ಇರುವುದು ಇದೇ ಕಾರಣಕ್ಕೆ. ಬೆಕ್ಕಿಗೆ ನಾಯಿಗಿಂತ ಎರಡು ಪಟ್ಟಿಗೂ ಹೆಚ್ಚು ಥಯಾಮಿನ್ ಬೇಕು, ಮೈಯಲ್ಲಿ ಕೂಡಿಟ್ಟುಕೊಳ್ಳುವುದೋ ಬಲು ಕಡಿಮೆ. ಅದೇ ಕೀಮಾ ತಿಂದ ನಮ್ಮ ಓಣಿಯ ನಾಯಿಯೊಂದು ಸ್ವಲ್ಪ ಮಂಕಾಗಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಹಾಗಂತ ನಾಯಿಗೆ ಆಗುವುದೇ ಇಲ್ಲ ಅಂತಲ್ಲ: ಸಲ್ಫರ್ ಡೈಆಕ್ಸೈಡ್ ಹಾಕಿದ ಮಾಂಸದಿಂದ ಬೆಕ್ಕು, ನಾಯಿ ಎರಡಕ್ಕೂ ಬಿ1 ಕೊರತೆ ಬಂದದ್ದನ್ನು ಆಸ್ಟ್ರೇಲಿಯಾದ ಪಶುವೈದ್ಯರು 1991ರಲ್ಲೇ ಬರೆದಿಟ್ಟಿದ್ದಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ, ಇದನ್ನು ಯಾರೂ ಹೇಳುವುದಿಲ್ಲ. ಕೀಮಾ ಸ್ವಲ್ಪ, ಒಳ್ಳೆಯ ಊಟ ಹೆಚ್ಚು ಬೆರೆಸಿದರೆ ಸರಿಹೋಗುತ್ತದೆ ಎಂದು ತೋರುತ್ತದೆ. ಹೋಗುವುದಿಲ್ಲ. ಅದೇ ತಟ್ಟೆಯ ಬೇರೆ ಊಟದಲ್ಲಿದ್ದ ಬಿ1 ಅನ್ನೂ ಆ ಸಲ್ಫೈಟ್ ಕತ್ತರಿಸುತ್ತದೆ. ಮೆಡಿಕಲ್ ಶಾಪಿನಿಂದ ಬಿ ಕಾಂಪ್ಲೆಕ್ಸ್ ಮಾತ್ರೆ ತಂದು ಪುಡಿ ಮಾಡಿ ಕೀಮಾಕ್ಕೆ ಕಲಸಿದರೆ ಆ ಮಾತ್ರೆಗೂ ಅದೇ ಗತಿ. ಕುದಿಸಿದರೆ ಒಂದಿಷ್ಟು ಸಲ್ಫೈಟ್ ಆವಿಯಾದೀತು, ಆಗಲೇ ನಾಶವಾದ ವಿಟಮಿನ್ ಮರಳಿ ಬರುವುದಿಲ್ಲ.

ಅಂಗಡಿಯವರನ್ನು ಕೇಳಿದೆ. ಜಗಳಕ್ಕೇನೂ ಹೋಗಿರಲಿಲ್ಲ. ಅವರೂ ಮುಚ್ಚುಮರೆ ಮಾಡಲಿಲ್ಲ: “ಕೆಡಬಾರದಂತ ಪೌಡರ್ ಹಾಕಿರ್ತಾರ್ರೀ. ಮನಷ್ಯಾರ್ ತಿನ್ನೂದಲ್ಲಲ್ಲ.” ಆ ಕೊನೆಯ ಮಾತಿನಲ್ಲೇ ಇಡೀ ವ್ಯವಹಾರದ ಗುಟ್ಟಿದೆ. 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಆಹಾರ ಎಂದರೆ ಮನುಷ್ಯರು ತಿನ್ನುವಂಥದ್ದು, ಪ್ರಾಣಿಗಳ ಮೇವು ಅದರೊಳಗೆ ಬರುವುದಿಲ್ಲ. ‘ಮಾನವ ಬಳಕೆಗಲ್ಲ’ ಎಂಬ ಒಂದು ಸಾಲು ಅಚ್ಚು ಹಾಕಿದರೆ ನಮ್ಮ ಮಟನ್ ಅಂಗಡಿಗಿರುವ ನಿಯಮ ಆ ಪ್ಯಾಕೆಟ್ಟಿಗಿಲ್ಲ. ಆ ಪ್ಯಾಕೆಟ್ಟನ್ನು ಲ್ಯಾಬಿಗೆ ಕಳಿಸಿ ಸಲ್ಫೈಟ್ ಎಷ್ಟಿತ್ತೆಂದು ಅಳೆಸಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಚ್ಚಾದ ನಂಬರು, ಅಂಗಡಿಯವರ ಮಾತು, ಇಂಜೆಕ್ಷನ್‌ಗೆ ಬೆಕ್ಕು ಎದ್ದದ್ದು, ಈ ಮೂರು ನನಗೆ ಸಾಕು.

ಮನೆಯಲ್ಲೇ ಗುರುತು ಹಿಡಿಯಬಹುದೇ? ಸ್ವಲ್ಪ ಮಟ್ಟಿಗೆ. ಪ್ಯಾಕೆಟ್ ಒಡೆದ ಕೂಡಲೇ ಬೆಂಕಿಕಡ್ಡಿ ಗೀರಿದಾಗಿನ ಘಾಟು ಬಂದರೆ, ಅಥವಾ ಒಂದು ಚಮಚ ಕೀಮಾಕ್ಕೆ ನಿಂಬೆರಸ ಹಿಂಡಿದಾಗ ಆ ಘಾಟು ಏರಿದರೆ, ಸಲ್ಫೈಟ್ ಇದೆ ಎನ್ನಿ. ಅಸ್ತಮಾ ಇದ್ದವರು ಮೂಸಲು ಹೋಗಬೇಡಿ. ಘಾಟು ಬರಲಿಲ್ಲ ಅಂದಮಾತ್ರಕ್ಕೆ ಪೌಡರ್ ಇಲ್ಲವೆಂದು ನಂಬಲೂ ಬೇಡಿ.

ಈಗ ನಮ್ಮಲ್ಲಿ ನಡೆಯುತ್ತಿರುವುದು ಇಷ್ಟು. ನಾವು ತಿನ್ನುವ ಕೋಳಿ ಅಂಗಡಿಯಿಂದಲೇ, ಕಣ್ಣೆದುರು ಕೊಯ್ದದ್ದು. ಕೋಳಿಯ ಗುಂಡಿಗೆ (ಹೃದಯ), ಕಲ್ಲೀಜು (ಲಿವರ್) ಅಗ್ಗಕ್ಕೆ ಸಿಗುತ್ತವೆ. ಬೆಕ್ಕಿಗೆ ಬೇಕೇ ಬೇಕಾದ ಟಾರಿನ್ ಎಂಬ ಪೋಷಕಾಂಶ ಗುಂಡಿಗೆಯಲ್ಲಿ ಚೆನ್ನಾಗಿದೆ. ಲಿವರ್ ಮಾತ್ರ ಚೂರೇ ಚೂರು, ದಿನವೂ ಅದನ್ನೇ ಹಾಕಿದರೆ ವಿಟಮಿನ್ ಎ ಹೆಚ್ಚಾಗಿ ಮೂಳೆ ಬಿಗಿಯುತ್ತದೆ. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವ ಸಂಭವ ಇರುವುದರಿಂದ ಬೇಯಿಸಿಯೇ ಕೊಡುತ್ತೇವೆ. ಬೇಯಿಸಿದ ನೀರು ಚೆಲ್ಲುವುದಿಲ್ಲ, ಬಿ1, ಟಾರಿನ್ ಎರಡೂ ಅದಕ್ಕೆ ಇಳಿದಿರುತ್ತವೆ. ಈರುಳ್ಳಿ, ಬೆಳ್ಳುಳ್ಳಿ ಸೋಕಿಸುವುದಿಲ್ಲ. ಬೆಂದ ಎಲುಬು ಸೀಳುತ್ತದೆ, ಅದೂ ಬೇಡ. ಆದರೆ ಬರೀ ಮೆತ್ತನೆ ಮಾಂಸದ ಮೇಲೆ ಬೆಕ್ಕು ಬಾಳುವುದಿಲ್ಲ, ಅದರಲ್ಲಿ ಸುಣ್ಣದಂಶ ತೀರಾ ಕಡಿಮೆ. ಮರಿಗಳಿಗಂತೂ ಕಾಲುಮೂಳೆ ತಾನಾಗಿ ಮುರಿಯುವ ತನಕ ಹೋಗುತ್ತದೆ. ಹೀಗಾಗಿ ಹೊಟ್ಟೆ ತುಂಬುವಷ್ಟು ಬೆಕ್ಕಿನ ಆಹಾರ, ‘ಸಂಪೂರ್ಣ, ಸಮತೋಲಿತ’ ಎಂದು ಬರೆದಿರುವಂಥದ್ದು, ಅದರ ಮೇಲೆ ರುಚಿಗೆ ಒಂದು ಹಿಡಿ ಕೋಳಿ. ನಾಯಿಯ ಆಹಾರ ಬೆಕ್ಕಿಗೆ ನಡೆಯುವುದಿಲ್ಲ. ಕರೆಂಟಿನ ಕಾಟಕ್ಕೆ ಉಪಾಯ: ಒಂದೊಂದು ಹೊತ್ತಿನ ಅಳತೆಯಲ್ಲಿ ಬೇಯಿಸಿ, ಆರಿಸಿ, ಫ್ರೀಜರಿಗೆ. ಒಮ್ಮೆ ಕರಗಿದ್ದನ್ನು ಮತ್ತೆ ಗಟ್ಟಿ ಮಾಡಬೇಡಿ.

ಕೊಪ್ಪಳ, ಮುನಿರಾಬಾದ್ ಕಡೆಯವರಿಗೆ ಇನ್ನೊಂದು ಮಾತು. ಡ್ಯಾಮಿನ ಮೀನು ಅಗ್ಗ ಎಂದು ಹಸಿಯಾಗಿಯೇ ಬೆಕ್ಕಿಗೆ ಎಸೆಯುವ ರೂಢಿ ಇದೆ. ಸಾಮಾನ್ಯ ಗೆಂಡೆಯಂಥ ಮೀನುಗಳಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದ್ದು, ಅದೂ ಬಿ1 ಅನ್ನೇ ಒಡೆಯುತ್ತದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಸಾಕಿದ ನರಿಗಳಿಗೆ ಹಸಿ ಮೀನು ಹಾಕಿ ಅವು ಲಕ್ವಾ ಹೊಡೆದು ಸತ್ತಾಗಲೇ ಇದು ಬೆಳಕಿಗೆ ಬಂದದ್ದು. ಒಳ್ಳೆಯ ಸಂಗತಿ ಎಂದರೆ ಕುದಿಸಿದರೆ ಈ ಕಿಣ್ವ ಸಾಯುತ್ತದೆ. ಪೌಡರಿನ ವಿಷಯದಲ್ಲಿ ಆ ಅದೃಷ್ಟ ಇಲ್ಲ.

ನಿಮ್ಮ ಬೆಕ್ಕು ತಲೆ ಎತ್ತಲಾರದೆ ತೂರಾಡುತ್ತಿದ್ದರೆ ಬಿಸಿಲು ಎಂದೋ, ಎಣ್ಣಿ ಎಂದೋ ಮನೆಯಲ್ಲೇ ತೀರ್ಮಾನ ಮಾಡಬೇಡಿ. ಅಂದೇ ಪಶುವೈದ್ಯರಿಗೆ ತೋರಿಸಿ, ಅವರು ಕೇಳುವ ಮೊದಲೇ ಊಟ ಏನೆಂದು ಹೇಳಿ, ಪ್ಯಾಕೆಟ್ ಮನೆಯಲ್ಲಿದ್ದರೆ ಕಸಕ್ಕೆ ಹಾಕದೆ ಜೊತೆಗೆ ಒಯ್ಯಿರಿ.