ಹೈಡ್ರೋಕಾರ್ಬನ್ ಹೆಸರು ಕಲಿಸಲು ನಿಯಮ ಮೊದಲಾ, ಮಾದರಿ ಮೊದಲಾ?

ಹೈಡ್ರೋಕಾರ್ಬನ್ ಅಂದರೆ ಕಾರ್ಬನ್, ಹೈಡ್ರೋಜನ್ ಎರಡೇ ಇರುವ ಸಂಯುಕ್ತ. ಅದಕ್ಕೆ ಹೆಸರಿಡುವುದನ್ನು ಹೈಸ್ಕೂಲ್ ಮಕ್ಕಳಿಗೆ ಕಲಿಸಲು ಎರಡು ದಾರಿಗಳಿವೆ. ಒಂದು, ಐಯುಪಿಎಸಿ (ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಸಂಸ್ಥೆ) ಮಾಡಿದ ಹೆಸರಿಡುವ ನಿಯಮಗಳನ್ನು ಬೋರ್ಡಿನ ಮೇಲೆ ಬರೆದು ಅಭ್ಯಾಸ ಮಾಡಿಸುವುದು. ಇನ್ನೊಂದು, ಪರಮಾಣುವಿಗೆ ಗುಂಡು, ಬಂಧಕ್ಕೆ ಕಡ್ಡಿ ಇರುವ ಗುಂಡು-ಕಡ್ಡಿ ಮಾದರಿ ಕೈಗೆ ಕೊಟ್ಟು, ಹೆಸರನ್ನು ಆಮೇಲೆ ಹೇಳಿಕೊಡುವುದು.

ನಿಯಮದ ದಾರಿ ಬೇಗ ಮುಗಿಯುತ್ತದೆ. ಒಂದರಿಂದ ನಾಲ್ಕು ಕಾರ್ಬನ್‌ಗೆ ಮೀಥ್, ಈಥ್, ಪ್ರೊಪ್, ಬ್ಯೂಟ್ ಅಂತ ಬಾಯಿಪಾಠ ಆದರೆ, ಒಂಟಿ ಬಂಧಕ್ಕೆ 'ಏನ್', ಜೋಡಿ ಬಂಧಕ್ಕೆ 'ಈನ್', ಮೂರು ಬಂಧಕ್ಕೆ 'ಐನ್' ಸೇರಿಸಿದರಾಯಿತು. ಕವಲಿಲ್ಲದ ಸಣ್ಣ ಸರಪಳಿಗೆ ಬಹುಪಾಲು ಇಷ್ಟು ಸಾಕು.

ಕವಲು ಬಂದಾಗಲೇ ತೊಂದರೆ. ಆಗ ಅತಿ ಉದ್ದದ ಸರಪಳಿ ಹುಡುಕಿ, ಅದರ ಮೇಲೆ ಹೆಸರಿಡಬೇಕು. ಅಡ್ಡಲಾಗಿ ಬರೆದದ್ದೇ ಉದ್ದದ ಸರಪಳಿ ಅಂತ ಮಕ್ಕಳು ನಂಬಿಬಿಡುತ್ತಾರೆ. ಅಡ್ಡಕ್ಕೆ ನಾಲ್ಕು ಕಾರ್ಬನ್, ಎರಡನೆಯದರಿಂದ ಕೆಳಕ್ಕೆ ಇನ್ನೆರಡು ಬರೆದು ನೋಡಿ. '2-ಈಥೈಲ್‌ಬ್ಯೂಟೇನ್' ಎನ್ನುತ್ತಾರೆ, ಅಂದರೆ ನಾಲ್ಕರ ಸರಪಳಿ, ಎರಡನೆಯದರಲ್ಲಿ ಎರಡು ಕಾರ್ಬನ್ನಿನ ಕವಲು. ಅದೇ ಮಾದರಿ ಕೈಯಲ್ಲಿದ್ದರೆ ತಿರುಗಿಸಿ ಎಣಿಸುತ್ತಾರೆ. ಉದ್ದದ ದಾರಿಯಲ್ಲಿ ಐದು ಕಾರ್ಬನ್ ಸಿಗುತ್ತವೆ! ಹಾಗಾಗಿ ಅದು 3-ಮೀಥೈಲ್‌ಪೆಂಟೇನ್: ಐದರ ಸರಪಳಿ, ಮೂರನೆಯದರಲ್ಲಿ ಒಂದು ಕಾರ್ಬನ್ನಿನ ಕವಲು. ಈ ತಪ್ಪನ್ನು ಮಗು ತಾನೇ ಕಂಡುಹಿಡಿಯುವುದು ಎಷ್ಟು ಚೆಂದ ಅಲ್ವಾ?

ಐದು ಕಾರ್ಬನ್, 12 ಹೈಡ್ರೋಜನ್ ಕೊಟ್ಟು 'ಎಷ್ಟು ಬಗೆ ಕಟ್ಟಬಹುದು?' ಎಂದು ಕೇಳಿ. ಹತ್ತಾರು ಸಿಕ್ಕಂತೆ ಕಾಣುತ್ತದೆ. ಹೆಸರಿಡುತ್ತಾ ಹೋದರೆ ಹಲವಕ್ಕೆ ಒಂದೇ ಹೆಸರು ಬಂದು ಮೂರೇ ಉಳಿಯುತ್ತವೆ: ಪೆಂಟೇನ್, 2-ಮೀಥೈಲ್‌ಬ್ಯೂಟೇನ್, 2,2-ಡೈಮೀಥೈಲ್‌ಪ್ರೊಪೇನ್. ಹೆಸರು ಯಾಕೆ ಬೇಕು ಅನ್ನೋದು ಆಗ ತಾನಾಗಿಯೇ ಅರ್ಥವಾಗುತ್ತದೆ.

ಮಾದರಿಗೆ ಸಮಯ ಜಾಸ್ತಿ ಬೇಕು, ನಿಜ. ಆದರೂ ನಾಲ್ಕೈದು ಪೀರಿಯಡ್ ಇದ್ದರೆ ನಾನು ಮಾದರಿಯನ್ನೇ ಆರಿಸುತ್ತೇನೆ. ಎರಡೇ ಪೀರಿಯಡ್ ಇದ್ದರೆ ನಿಯಮದಿಂದಲೇ ಶುರು ಮಾಡಿ. ಆದರೆ ಸರಪಳಿಯನ್ನು ಮೊದಲ ದಿನದಿಂದಲೇ ಬಾಗಿಸಿ, ಮಡಚಿ ಬರೆಯಿರಿ.